ಹಗಲು ಹೇಳಿದ ಅರ್ಧ ಕಥೆ

ಮಾರ್ಚ್ 2, ಭಾನುವಾರ

ಉಪ್ಪಿನ ಗಾಡಿಯ ಕಥೆಯನ್ನು ನನಗೆ ಮೊದಲು ಹೇಳಿದವಳು ನನ್ನ ತಾಯಿಯ ತಾಯಿ ನಂಜಮ್ಮ. ನನಗಾಗ ಏಳೆಂಟು ವರ್ಷ. ಅವರೆಕಾಯಿಯ ಕಾಲ. ಹೊತ್ತು ಮುಳುಗಿ ದೀಪ ಹಚ್ಚಿ ಆಗಿತ್ತು. ನಾವು ಮಕ್ಕಳೆಲ್ಲ ಮೊರದ ಸುತ್ತ ಕೂತು ಕಾಯಿ ಸುಲಿಯುತ್ತಿದ್ದೆವು. ಅಜ್ಜಿ ಕಥೆಗೆ ಎರಡು ಕಟ್ಟುಪಾಡು ಹಾಕಿದ್ದಳು. ಕೇಳುವವರು ಹೂಂಗುಟ್ಟುತ್ತಿರಬೇಕು, ಹೂಂ ನಿಂತರೆ ಕಥೆಯೂ ನಿಂತಂತೆ. ಇನ್ನೊಂದು, ಹಗಲು ಹೊತ್ತು ಕಥೆ ಹೇಳಬಾರದು. ಹೇಳಿದರೆ ಆ ಹೊತ್ತಿಗೆ ದಾರಿಯಲ್ಲಿರುವವರು ದಾರಿ ತಪ್ಪುತ್ತಾರೆ.

ಮುಂದೆ ನಾನು ಅಂಗನವಾಡಿ ಟೀಚರಾದಾಗಲೂ ಈ ಮಾತು ಮೀರಲಿಲ್ಲ. ಮಕ್ಕಳಿಗೆ ಹಾಡು ಹೇಳಿಸಿದೆ, ಕುಣಿಸಿದೆ, ಕಥೆ ಮಾತ್ರ ಹೇಳಲಿಲ್ಲ. “ಏನ್ರೀ ಲಿಂಗಮ್ಮ, ಒಂದು ಕಥೆನಾದ್ರೂ ಹೇಳಬಾರದಾ?” ಎಂದು ಸೂಪರ್‌ವೈಸರ್ ಗದರಿದಾಗ, “ನೀವು ಬಸ್ಸಲ್ಲಿ ಬರ್ತಾ ಇದ್ರಲ್ಲ ಮೇಡಂ, ಅದಕ್ಕೇ ಹೇಳಲಿಲ್ಲ” ಎಂದಿದ್ದೆ.

ಇವತ್ತು ಮಧ್ಯಾಹ್ನ ಮೊಮ್ಮಗಳು ಲಾಸ್ಯಾ ಬಂದು ನನ್ನ ಮಡಿಲಿಗೆ ಬಿದ್ದಳು.

“ಅಜ್ಜಿ, ಸಾಲ್ಟ್ ಗಾಡಿ ಸ್ಟೋರಿ, ಪ್ಲೀಸ್.”

“ಹಗಲು ಹೇಳಬಾರದು ಮಗ. ದಾರಿಹೋಕರು ದಾರಿ ತಪ್ತಾರೆ.”

“ಎವ್ರಿಬಡಿ ಹ್ಯಾಸ್ ಜಿಪಿಎಸ್, ಅಜ್ಜಿ!”

ಅಷ್ಟರಲ್ಲಿ ಬಾಗಿಲ ಗಂಟೆ ಆಯಿತು. ಸೊಸೆ ಅಕ್ಷಯಾ ಕನ್ನಡಿ ನೋಡಿಕೊಂಡು ಹೋಗಿ ಬಾಗಿಲು ತೆಗೆದಳು. ಬಾಗಿಲು ತೆಗೆಯುವುದಕ್ಕೆ ಕನ್ನಡಿ ಯಾಕೆ ಬೇಕು?

ಬಂದವನು ಆ ಉಡುಪಿ ಕಡೆಯವನು. ಜಯರಾಜ್ ಅಂತೆ. ಕನ್ನಡ ಕೂಟದ ಪಿಕ್ನಿಕ್ಕಿನಲ್ಲಿ ಸೌಟು ಹಿಡಿದು ಎಲ್ಲರಿಗೂ ಬಡಿಸುತ್ತಿದ್ದವನು. ಲಾಸ್ ಗ್ಯಾಟೋಸಿನಲ್ಲಿ ಕೆಲಸವಂತೆ. ಮದುವೆಯಾಗಿತ್ತಂತೆ, ಮುರಿದುಹೋಯಿತಂತೆ. ಇವನ ವಿಷಯದಲ್ಲಿ ಎಲ್ಲವೂ ಅಂತೆಯೇ, ಕಣ್ಣಾರೆ ಕಂಡದ್ದು ಸೌಟು ಮಾತ್ರ. ಊಟದ ಮೇಜಿನ ಮೇಲೆ ದೊಡ್ಡದೊಂದು ಮ್ಯಾಪು ಹರಡಿದ. ಮಕ್ಕಳಿಗೆ ವಸಂತದ ರಜೆ ಬಂದಾಗ ಮರಳುಗಾಡಿಗೆ ಹೋಗಿ ಟೆಂಟು ಹಾಕುವುದಂತೆ. ಊರ ಹೆಸರು ಡೆತ್ ವ್ಯಾಲಿ. ಸಾವಿನ ಕಣಿವೆ! ಗಂಡ ಹೋಗಿ ಮೂರು ವರ್ಷವಾದ ಹೆಣ್ಣುಮಗಳನ್ನು ಕರೆದೊಯ್ಯಲು ಇಷ್ಟು ದೊಡ್ಡ ದೇಶದಲ್ಲಿ ಇವನಿಗೆ ಬೇರೆ ಹೆಸರಿನ ಜಾಗ ಸಿಗಲಿಲ್ಲವೇ?

ಗೋಡೆಯ ಪಟದಲ್ಲಿ ನನ್ನ ಮಗ ನಾಗಾರ್ಜುನ ನಗುತ್ತಲೇ ಇದ್ದ. ಪಟದ ಮುಂದೆ ಅವನು ಎತ್ತಿ ಕುಡಿಯುತ್ತಿದ್ದ ಹಿತ್ತಾಳೆ ಚೊಂಬು ಇದೆ. ದಿನಾ ಬೆಳಿಗ್ಗೆ ಹಳೆಯ ನೀರನ್ನು ತುಳಸಿಗೆ ಹಾಕಿ ಹೊಸ ನೀರು ತುಂಬಿಸಿ ಮುಚ್ಚಿಡುತ್ತೇನೆ. ಆ ಮನುಷ್ಯ ಒಂದು ಸಲ ಪಟ ನೋಡಿದ, ಒಂದು ಸಲ ಚೊಂಬು ನೋಡಿದ, ಏನೂ ಕೇಳಲಿಲ್ಲ. ಕೇಳಬೇಕಾದ್ದನ್ನು ಕೇಳದವರ ಮೇಲೆ ನನಗೆ ನಂಬಿಕೆ ಬರುವುದಿಲ್ಲ.

ಒಂದು ಮಾತು ಬರೆದುಬಿಡುತ್ತೇನೆ, ಮನಸ್ಸು ಹಗುರಾಗಲಿ. ಅಕ್ಷಯಾ ಇವನನ್ನು ಕಟ್ಟಿಕೊಂಡರೆ ಈ ಮನೆಯಲ್ಲಿ ನಾನು ಯಾರು? ಗಂಡನ ತಾಯಿ, ಸರಿ. ಗಂಡನೇ ಬೇರೆಯಾದ ಮೇಲೆ?

ಮಾರ್ಚ್ 9, ಭಾನುವಾರ

ಮತ್ತೆ ಬಂದಿದ್ದ. ಪಾರ್ಕಿನ ಒಳಗೆ ಟೆಂಟು ಹಾಕುವ ಜಾಗಗಳೆಲ್ಲ ಯಾವತ್ತೋ ಬುಕ್ಕಾಗಿವೆಯಂತೆ. ಪಾರ್ಕಿನ ಹೊರಗೆ ಸರ್ಕಾರದ ಬಯಲು ಇದೆ, ಅಲ್ಲಿ ಯಾರು ಮೊದಲು ಹೋದರೆ ಅವರಿಗೆ ಜಾಗ. ಅದಕ್ಕೇ ಇವನು ಗುರುವಾರವೇ ಒಬ್ಬನೇ ಹೋಗಿ ಜಾಗ ಹಿಡಿಯುತ್ತಾನೆ, ಅಕ್ಷಯಾಳಿಗೆ ಆಸ್ಪತ್ರೆಯ ಡ್ಯೂಟಿ ಇರುವುದರಿಂದ ನಾವು ಶುಕ್ರವಾರ ಹೊರಡುವುದು. ಹೀಗೆಂದು ತೀರ್ಮಾನ.

“ಅಲ್ಲಿ ನೀರು?” ಎಂದು ಕೇಳಿದೆ.

“ನೀರು ಎಂತದ್ದೂ ಇಲ್ಲ ಅಮ್ಮ. ನಾವೇ ಹೊತ್ತುಕೊಂಡು ಹೋಗುವುದು. ನನ್ನ ಹತ್ರ ಡ್ರಮ್ ಉಂಟು.”

“ಅಂಗಡಿ?”

“ಇಲ್ಲ.”

“ಕಕ್ಕಸು?”

ಅವನು ಮ್ಯಾಪಿನಲ್ಲಿ ಮುಖ ಮುಚ್ಚಿಕೊಂಡ. ಅಕ್ಷಯಾ ಜೋರಾಗಿ ನಕ್ಕುಬಿಟ್ಟಳು. “ಅತ್ತೆ, ನೀವೇ ಹೇಳ್ತಿದ್ರಲ್ಲ, ಚಿಕ್ಕೋರಿದ್ದಾಗ ಬಯಲೇ ಗತಿ ಅಂತ!”

“ನಮ್ಮ ಬಯಲಲ್ಲಿ ಲಂಟಾನದ ಮರೆಯಾದ್ರೂ ಇತ್ತು ಕಣವ್ವ.”

ಅವಳು ಹೀಗೆ ನಕ್ಕಿದ್ದನ್ನು ಕೇಳಿ ಎಷ್ಟು ಕಾಲವಾಗಿತ್ತೋ. ನನ್ನ ಮಾತಿಗೆ ನಕ್ಕಳೋ, ಅವನ ಮುಖ ನೋಡಿ ನಕ್ಕಳೋ, ಅದು ಗೊತ್ತಾಗಬೇಕು.

ಗೊತ್ತಾದ ಇನ್ನೊಂದು ಸಂಗತಿ: ಅವನು ತಂದ ಟೆಂಟಿನ ಚೀಲದ ಮೇಲೆ ಮೂರು ಜನರ ಚಿತ್ರ. ಲಾಸ್ಯಾಳನ್ನು ಕರೆದು ಓದಿಸಿದೆ. “ತ್ರೀ ಪರ್ಸನ್ ಟೆಂಟ್” ಎಂದಳು. ಕಪ್ಪೂ ಮೂರು, ತಟ್ಟೆಯೂ ಮೂರು. ಹೋಗುವವರು ನಾಲ್ವರು. ಅಕ್ಷಯಾ, ಮಗು, ಅವನು. ಲೆಕ್ಕದಲ್ಲಿ ಮಿಗುವವಳು ಯಾರು ಎಂದು ಹೇಳಬೇಕಾಗಿಲ್ಲ.

ಮಾರ್ಚ್ 16, ಭಾನುವಾರ

ಟೆಂಟು ಹಾಕುವುದನ್ನು ಮಗುವಿಗೆ ಕಲಿಸುತ್ತೇನೆಂದು ಮನೆ ಮುಂದಿನ ಲಗೂನು ಎಂಬ ಕೆರೆಯ ದಂಡೆಯ ಹುಲ್ಲಿನ ಮೇಲೆ ಹರಡಿದ್ದ. ನಾನು ಬಾಲ್ಕನಿಯಿಂದ ಕಾವಲು. ಕೊಲ್ಲಿಯ ಗಾಳಿ ಬಂದು ಟೆಂಟನ್ನು ಹೊತ್ತೊಯ್ದು ನೀರಿಗೆ ಹಾಕಿತು. ಜಯರಾಜ್ ಬೂಟು ಸಮೇತ ಇಳಿದು ಬಾತುಕೋಳಿಗಳ ನಡುವಿನಿಂದ ಎಳೆದುಕೊಂಡು ಬಂದ. ನಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ನಕ್ಕ ಮಾತ್ರಕ್ಕೆ ಒಪ್ಪಿದೆನೆಂದು ಅರ್ಥವಲ್ಲ.

ಒದ್ದೆ ಪ್ಯಾಂಟಿನಲ್ಲೇ ಮೇಲೆ ಬಂದು ಒಂದು ಮಡಚುವ ಕುರ್ಚಿ ಕೊಟ್ಟ. ನಡುವೆ ತೂತಿದೆ. “ಇದು ಅಲ್ಲಿಗೆ, ಅಮ್ಮ. ನಿಮಗೆ ಮಂಡಿ ಬಗ್ಗಿಸ್ಲಿಕ್ಕೆ ಕಷ್ಟ ಅಲ್ವಾ? ಸುತ್ತ ಕಟ್ಟಲಿಕ್ಕೆ ಪರದೆ ಸಹ ಉಂಟು.”

ನನ್ನ ಮಂಡಿ ನೋವು ಇವನಿಗೆ ಹೇಗೆ ಗೊತ್ತು? ನನ್ನ ಬಗ್ಗೆ ಇವರು ಕೂತು ಮಾತಾಡುತ್ತಾರೆ.

ಆದರೆ ಮೂವರ ಟೆಂಟಿಗೆ ನಾಲ್ಕನೆಯವಳ ಕುರ್ಚಿ ಯಾಕೆ? ಇದು ಬಗೆಹರಿಯಲಿಲ್ಲ.

ಮಾರ್ಚ್ 20, ಗುರುವಾರ

ಬಗೆಹರಿಯಿತು.

ಅಕ್ಷಯಾ ಓಕ್ಲ್ಯಾಂಡಿನ ಆಸ್ಪತ್ರೆಯಿಂದ ಬಂದವಳು ಕಾರಿನಿಂದ ಇಳಿಯದೆ ಫೋನಿನಲ್ಲಿ ಮಾತಾಡುತ್ತಿದ್ದಳು. ನಾನು ಕಸದ ಚೀಲ ಹಾಕಲು ಕೆಳಗೆ ಹೋಗಿದ್ದೆ. “ಗ್ರೌಂಡ್ ಫ್ಲೋರಲ್ಲೇ ಇರ್ಬೇಕು ಜಯ್, ಒಂದು ರೂಮು. ಅತ್ತೆಗೆ ಮೆಟ್ಟಿಲು ಆಗಲ್ಲ. ಬೇಡ, ಈಗ ಹೇಳೋದು ಬೇಡ. ಅಲ್ಲಿಗೆ ಹೋದ್ಮೇಲೆ ಹೇಳೋಣ.”

ಒಂದು ರೂಮು. ಮೆಟ್ಟಿಲಿಲ್ಲದ್ದು. ಫ್ರೀವೇ ಪಕ್ಕ ಅಂಥದ್ದೊಂದು ಕಟ್ಟಡ ನೋಡಿದ್ದೇನೆ. ಮುದುಕರು ಸಾಲಾಗಿ ಗಾಲಿಕುರ್ಚಿಯಲ್ಲಿ ಕೂತು ರಸ್ತೆ ನೋಡುತ್ತಿರುತ್ತಾರೆ.

ಹೇಳಲಿಕ್ಕೆ ಮರಳುಗಾಡಿಗೇ ಯಾಕೆ ಕರೆದುಕೊಂಡು ಹೋಗಬೇಕು? ಅಲ್ಲಿ ನಾನು ಕೂಗಾಡಿದರೂ ಕೇಳುವವರಿಲ್ಲ, ಅದಕ್ಕೆ.

ಊಟ ಸೇರಲಿಲ್ಲ.

ಮಾರ್ಚ್ 30, ಯುಗಾದಿ

ಹತ್ತು ದಿನ ಬರೆಯಲಿಲ್ಲ. ಬರೆದರೆ ಅಳು ಬರುತ್ತಿತ್ತು, ಅಳುವವಳು ಲಿಂಗಮ್ಮ ಅಲ್ಲ.

ಇವತ್ತು ಬೆಳಿಗ್ಗೆ ಜಯರಾಜ ಬೇವಿನ ಸೊಪ್ಪು ಹಿಡಿದುಕೊಂಡು ಬಂದ. ಸನ್ನಿವೇಲಿನ ಅಂಗಡಿಗಳಲ್ಲಿ ಮುಗಿದಿತ್ತಂತೆ, ಯಾರದೋ ಹಿತ್ತಲಿನಿಂದ ಕೇಳಿ ತಂದನಂತೆ. “ನಿಮಗೆ ಯುಗಾದಿ ಇವತ್ತಲ್ಲವಲ್ಲ?” ಎಂದೆ, ಸ್ವಲ್ಪ ಚುಚ್ಚಿಯೇ.

“ನಮ್ದು ಬಿಸು, ಇನ್ನೂ ಎರಡು ವಾರ ಉಂಟು. ಆದ್ರೆ ಒಬ್ಬಟ್ಟಿಗೆ ಜಾತಿ ಉಂಟಾ ಅಮ್ಮ?”

ಒಬ್ಬಟ್ಟು ತಿನ್ನುವುದರಲ್ಲಿ ಕಪಟ ಕಾಣಲಿಲ್ಲ. ತುಪ್ಪ ಕೇಳಿ ಹಾಕಿಸಿಕೊಂಡ. ಅಕ್ಷಯಾ ಬೇವುಬೆಲ್ಲವನ್ನು ಮೊದಲು ನನ್ನ ಕೈಗೆ ಕೊಟ್ಟಳು, ಆಮೇಲೆ ಪಟದ ಮುಂದೆ ಇಟ್ಟಳು, ಆಮೇಲೆ ಮಗುವಿಗೆ, ಕೊನೆಗೆ ಅವನಿಗೆ. ಸರದಿ ಸರಿಯಾಗಿತ್ತು.

ಸಂಜೆ ದೀಪ ಹಚ್ಚಿದ ಮೇಲೆ ಲಾಸ್ಯಾಳಿಗೆ ಮೂಗಿಲ್ಲದ ರಾಜನ ಕಥೆ ಶುರುಮಾಡಿದೆ. ಈ ಮಗು ಹೂಂಗುಟ್ಟುವುದಿಲ್ಲ, “ಓಕೆ, ದೆನ್?” ಎನ್ನುತ್ತದೆ. ಅದಕ್ಕೇ ಒಗ್ಗಿಕೊಂಡಿದ್ದೇನೆ. “ಒಂದು ಊರಿನಲ್ಲಿ ಒಬ್ಬ ರಾಜ” ಎಂದೆ.

“ಹೂಂ” ಎಂದಿತು ಅಡುಗೆಮನೆ.

ಜಯರಾಜ ಪಾತ್ರೆ ಉಜ್ಜುತ್ತಿದ್ದ. ನಾನು ಸುಮ್ಮನಾದೆ. ನಲ್ಲಿಯ ನೀರೂ ನಿಂತಿತು. “ರಾಜನಿಗೆ ಎಂತಾಯ್ತು ಅಮ್ಮ?” ಎಂದು ಅಲ್ಲಿಂದಲೇ ಕೇಳಿದ. “ನಮ್ಮ ಅಜ್ಜಿ ಹೂಂ ಹೇಳದಿದ್ರೆ ಬೆನ್ನಿಗೆ ಒಂದು ಬಿಡ್ತಿದ್ರು.”

ನಾಗಾರ್ಜುನ ಹೋದ ಮೇಲೆ ಈ ಮನೆಯಲ್ಲಿ ಯಾರೂ ಹೂಂಗುಟ್ಟಿರಲಿಲ್ಲ. ಅವನು ಇಷ್ಟೆತ್ತರ ಬೆಳೆದ ಮೇಲೂ ಲ್ಯಾಪ್‌ಟಾಪಿನಲ್ಲಿ ಮುಖ ಇಟ್ಟುಕೊಂಡೇ, ಮಗಳಿಗೆ ಹೇಳುವ ಕಥೆಗೆ ಹೂಂಗುಟ್ಟುತ್ತಿದ್ದ. ಕಥೆಯನ್ನು ಬೇಗ ಮುಗಿಸಿದೆ. ರಾಜನಿಗೆ ಮೂಗು ಬರಲೇ ಇಲ್ಲ, ಮಗು ಸಿಟ್ಟು ಮಾಡಿಕೊಂಡಿತು.

ಬಲೆ ಹಾಕುವವರು ಹೀಗೆಯೇ, ಎಲ್ಲಿ ಮೆತ್ತಗಿದೆ ಎಂದು ನೋಡಿ ಅಲ್ಲೇ ಹಾಕುತ್ತಾರೆ. ಲಿಂಗಮ್ಮ, ಹುಷಾರು.

ಏಪ್ರಿಲ್ 3, ಗುರುವಾರ

ಜಯರಾಜ ಬೆಳಕು ಹರಿಯುವ ಮೊದಲೇ ನೀರಿನ ಡ್ರಮ್ಮು, ಟೆಂಟು, ಪಾತ್ರೆ ಎಲ್ಲ ತುಂಬಿಕೊಂಡು ಹೊರಟ. ಟಾರು ರಸ್ತೆ ಬಿಟ್ಟು ಮಣ್ಣಿನ ರಸ್ತೆ ಶುರುವಾಗುವ ಕಡೆ ಕೆಂಪು ಬಟ್ಟೆ ಕಟ್ಟಿರುತ್ತೇನೆ, ಅದು ಕಂಡರೆ ಒಳಗೆ ಬನ್ನಿ ಎಂದ. ಜಾಗ ಹಿಡಿದು, ಸಂಜೆ ಫೋನು ಸಿಗುವ ಕಡೆಗೆ ವಾಪಸು ಬಂದು ಮಾತಾಡುತ್ತೇನೆ ಎಂದ. ನನಗೆ, “ಹೋಗಿ ಬರ್ತೇನೆ ಅಮ್ಮ” ಎಂದ. ನಾನು “ಹೂಂ” ಎನ್ನಲಿಲ್ಲ.

ಅಕ್ಷಯಾ ಡ್ಯೂಟಿಗೆ ಹೋದಳು. ಶಾಲೆಗೆ ರಜೆ, ಮನೆಯಲ್ಲಿ ನಾನು ಮತ್ತು ಲಾಸ್ಯಾ. ಬೆಳಗಿನಿಂದ ನನ್ನ ಎದೆಯಲ್ಲಿ ಒಂದೇ ಮಾತು: ಅಲ್ಲಿಗೆ ಹೋದ ಮೇಲೆ ಹೇಳುತ್ತಾರೆ. ಹೋಗದಿದ್ದರೆ? ಜಾಗ ಹಿಡಿಯುವವನು ಜಾಗ ತಲುಪದೇ ಹೋದರೆ? ಅವನಿಗೆ ಕೇಡು ಬಯಸಲಿಲ್ಲ, ದೇವರಾಣೆ. ಸ್ವಲ್ಪ ದಾರಿ ತಪ್ಪಿ, ಜಾಗ ಬೇರೆಯವರ ಪಾಲಾಗಿ, ವಾಪಸು ಬಂದರೆ ಸಾಕಿತ್ತು.

ಊಟವಾದ ಮೇಲೆ ಕರೆದೆ. “ಬಾ ಮಗ, ಉಪ್ಪಿನ ಗಾಡಿ ಕಥೆ ಹೇಳ್ತೀನಿ.”

ಮಗು ಕಿಟಕಿ ನೋಡಿತು. ಬಿಸಿಲು ಲಗೂನಿನ ಮೇಲೆ ಹೊಳೆಯುತ್ತಿತ್ತು. “ನೌ? ಬಟ್ ಇಟ್ಸ್ ಡೇ ಟೈಮ್, ಅಜ್ಜಿ.”

“ಪರವಾಗಿಲ್ಲ ಬಾ.”

ಹೇಳಿದೆ. ಊರಾಚೆಯ ಬಯಲಿನಲ್ಲಿ ಒಬ್ಬ ಮುದುಕಿ. ಅವಳಿಗೊಬ್ಬ ಮಗ. ಅವನು ಉಪ್ಪು ತರಲು ಗಾಡಿ ಕಟ್ಟಿದ. “ಅವ್ವ, ಬರುವಾಗ ಬಾಯಾರಿರುತ್ತೆ, ಒಂದು ಕೊಡ ನೀರಿಟ್ಟಿರು” ಎಂದ. ಮುದುಕಿ ಕೊಡ ತುಂಬಿಸಿ ಮುಚ್ಚಿಟ್ಟಳು. ಮಗ ಬರಲಿಲ್ಲ. ಬಾವಿ ಬತ್ತಿತು, ಉಳಿದದ್ದು ಆ ಕೊಡ ಒಂದೇ. ಬಳೆಗಾರ ಬಂದ, “ನೀರು ಕೊಡವ್ವ” ಎಂದ. “ಇದು ನನ್ನ ಮಗನದು, ಮುಂದಕ್ಕೆ ಹೋಗು” ಎಂದಳು. ಕುರಿಯವನು ಬಂದ. “ಇದು ನನ್ನ ಮಗನದು, ಮುಂದಕ್ಕೆ ಹೋಗು.” ಆಮೇಲೆ ಒಂದು ದಿನ, ಮೈಯೆಲ್ಲ ಧೂಳಾದ ಒಬ್ಬ ದಾರಿಹೋಕ...

“ಸ್ಟಾಪ್!” ಲಾಸ್ಯಾ ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. ಕಣ್ಣು ದೊಡ್ಡವಾಗಿದ್ದವು. “ಅಜ್ಜಿ, ಜಯ್ ಅಂಕಲ್ ಈಸ್ ಡ್ರೈವಿಂಗ್! ಹೀ ವಿಲ್ ಗೆಟ್ ಲಾಸ್ಟ್!”

“ಎಲ್ಲರ ಹತ್ರ ಜಿಪಿಎಸ್ ಇರುತ್ತೆ ಅಂದೆಯಲ್ಲ.”

“ನಾಟ್ ಇನ್ ದ ಡೆಸರ್ಟ್!”

ಅತ್ತುಬಿಟ್ಟಳು. ಕಥೆ ಅಲ್ಲಿಗೇ ನಿಂತಿತು. ಸಂಜೆ ಹೊತ್ತು ಮುಳುಗಿದ ಮೇಲೆ ಉಳಿದದ್ದನ್ನು ಹೇಳಿ ಮುಗಿಸೋಣವೆಂದರೆ, ಮಗು ಕಿವಿ ಮುಚ್ಚಿಕೊಂಡು ಗೋಡೆಗೆ ತಿರುಗಿ ಮಲಗಿತು. ಕೇಳುವವರಿಲ್ಲದೆ ಹೇಳಿದ್ದು ಕಥೆಯಲ್ಲ.

ಅವನ ಫೋನು ಬರಲಿಲ್ಲ.

ಏಪ್ರಿಲ್ 4, ಶುಕ್ರವಾರ, ಹೊರಡುವ ಮುಂಚೆ

ಇನ್ನೂ ಫೋನಿಲ್ಲ. ಅಕ್ಷಯಾ ಬೆಳಿಗ್ಗೆಯಿಂದ ಫೋನಿನ ಗಾಜನ್ನೇ ಉಜ್ಜುತ್ತಿದ್ದಾಳೆ. “ಸಿಗ್ನಲ್ ಇಲ್ವೇನೋ ಅತ್ತೆ, ಹೋಗ್ತಾ ಸಿಗ್ತಾನೆ” ಎಂದು ನನಗೆ ಹೇಳುತ್ತಾಳೆ, ತನಗೆ ಹೇಳಿಕೊಂಡಂತೆ.

ಲಾಸ್ಯಾ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ಚೊಂಬಿನ ಬಾಯಿಗೆ ಬಟ್ಟೆ ಕಟ್ಟಿ ಚೀಲದಲ್ಲಿ ಇಟ್ಟುಕೊಂಡಿದ್ದೇನೆ. ಮನೆಯಲ್ಲಿ ಯಾರೂ ಇಲ್ಲದಿರುವಾಗ ನನ್ನ ಮಗನ ನೀರನ್ನು ಬದಲಿಸುವವರು ಯಾರು?

ಏಪ್ರಿಲ್ 5, ಶನಿವಾರ

ಬಯಲಲ್ಲಿ, ತೂತಿಲ್ಲದ ಕುರ್ಚಿಯ ಮೇಲೆ ಕೂತು ಬರೆಯುತ್ತಿದ್ದೇನೆ. ನಿನ್ನೆಯದನ್ನು ಸರಿಯಾಗಿ ಬರೆದಿಡಬೇಕು.

ದಾರಿಯುದ್ದಕ್ಕೂ ಅಕ್ಷಯಾ ಹಾಡು ಹಾಕಲಿಲ್ಲ. ಬೇಕರ್ಸ್‌ಫೀಲ್ಡ್ ದಾಟಿ, ಗಾಳಿಯಂತ್ರಗಳ ಗುಡ್ಡ ದಾಟಿ, ಆಮೇಲೆ ಗಿಡವೂ ಇಲ್ಲ, ಮನೆಯೂ ಇಲ್ಲ. ಕೊನೆಯ ಗ್ಯಾಸ್ ಸ್ಟೇಷನ್ನಿನಲ್ಲಿ ಜಯರಾಜನ ಕಾರು ಕಂಡಿರಾ ಎಂದು ಅಕ್ಷಯಾ ಕೇಳಿದಳು. ದಿನಕ್ಕೆ ಎಷ್ಟೋ ಕಾರು ಎಂದಳು ಅಂಗಡಿಯವಳು. ಅಲ್ಲಿಂದ ಮುಂದೆ ಫೋನು ಸತ್ತಿತು. ಮಣ್ಣಿನ ರಸ್ತೆ ಶುರುವಾಗುವ ಜಾಗ ತಲುಪಿದಾಗ ಬಿಸಿಲು ಇನ್ನೂ ಚೆನ್ನಾಗಿತ್ತು.

ಕೆಂಪು ಬಟ್ಟೆ ಇರಲಿಲ್ಲ.

ಅಕ್ಷಯಾ ಕಾರಿನಿಂದಿಳಿದು ಆ ಕಡೆ ನಡೆದಳು, ಈ ಕಡೆ ನಡೆದಳು, ಹಾರ್ನ್ ಹೊಡೆದಳು. ಹಾರ್ನಿನ ಸದ್ದು ಹೋಗಿ ಗುಡ್ಡಕ್ಕೂ ತಾಗದೆ ಎಲ್ಲೋ ಕಳೆದುಹೋಯಿತು. ಮನೆದೇವರಿಗೆ ಹೇಳಿಕೊಂಡೆ: ಕಥೆ ಮುಗಿಸುತ್ತೇನೆ, ಈಗಲೇ ಮುಗಿಸುತ್ತೇನೆ, ಆದರೆ ಬಿಸಿಲಿದೆಯಲ್ಲಪ್ಪ. ಹಗಲಿನಲ್ಲೇ ಮುಗಿಸಿದರೆ ಇನ್ನೂ ದೂರ ಹೋಗಿಬಿಟ್ಟಾನು.

“ಕತ್ತಲಾಗೋಕ್ಕೆ ಮುಂಚೆ ಆ ಗ್ಯಾಸ್ ಸ್ಟೇಷನ್ ಇದ್ದ ಊರಿಗೆ ವಾಪಸ್ ಹೋಗಿ ಪೊಲೀಸರಿಗೆ ಹೇಳೋಣ” ಎಂದಳು ಅಕ್ಷಯಾ.

“ಹೊತ್ತು ಮುಳುಗೋವರೆಗೆ ಇರವ್ವ.”

“ಯಾಕೆ ಅತ್ತೆ?”

“ಕಥೆ ಮುಗಿಸಬೇಕು.”

ಅವಳು ನನ್ನನ್ನು ನೋಡಿದ ನೋಟ ಸುಡುವ ಹಾಗಿತ್ತು. “ಮನುಷ್ಯ ಕಾಣ್ತಿಲ್ಲ ಇಲ್ಲಿ. ನಿಮಗೆ ಕಥೆ ಹೇಳೋ ಹೊತ್ತಾ ಇದು?”

ಒಂದು ದಿನದಿಂದ ಮಾತು ಬಿಟ್ಟಿದ್ದ ಲಾಸ್ಯಾಳೇ ನನ್ನ ಪರವಾಗಿ ಬಂದಳು. “ಅಮ್ಮಾ, ಅಜ್ಜಿ ಬ್ರೋಕ್ ಇಟ್. ಶಿ ಹ್ಯಾಸ್ ಟು ಫಿಕ್ಸ್ ಇಟ್.”

“ಏನು ಬ್ರೋಕ್?”

“ಡೇ ಟೈಮಲ್ಲಿ ಸ್ಟೋರಿ ಹೇಳಿದ್ರು. ಹಾಫ್.”

ಅಕ್ಷಯಾ ನಮ್ಮ ಮನೆಗೆ ಬಂದು ಹನ್ನೆರಡು ವರ್ಷ. ಹಗಲು ಕಥೆಯ ವಿಷಯ ಅವಳಿಗೆ ಗೊತ್ತು. “ಬೇಕೂ ಅಂತಾನೇ ಹೇಳಿದ್ರಾ ಅತ್ತೆ?” ಎಂದು ಮೆಲ್ಲಗೆ ಕೇಳಿದಳು.

ಸುಳ್ಳು ಹೇಳಬಹುದಿತ್ತು. ಆ ಬಯಲಿನಲ್ಲಿ ಸುಳ್ಳಿಗೆ ಮರೆಯೇ ಇರಲಿಲ್ಲ. “ನನ್ನನ್ನ ಎಲ್ಲಿ ಬಿಡ್ತೀರೋ ಅಂತ ಹೆದರಿಕೆ ಆಯ್ತು ಕಣವ್ವ. ಒಂದು ರೂಮು ಅಂದೆಯಲ್ಲ ನೀನು ಫೋನಲ್ಲಿ” ಎಂದೆ.

ಅವಳು ಬೈಯುತ್ತಾಳೆ ಎಂದುಕೊಂಡೆ. ಅವಳು ಕಾರಿನ ಚಕ್ರಕ್ಕೆ ಒರಗಿ ನೆಲದ ಮೇಲೆ ಕೂತುಬಿಟ್ಟಳು. ಒಂದು ಕಡೆ ಅಳು, ಒಂದು ಕಡೆ ನಗು. “ಅಯ್ಯೋ ನನ್ನ ಅತ್ತೇ” ಎಂದಳು ಅಷ್ಟೇ.

ಸೂರ್ಯ ಪಡುವಣ ಗುಡ್ಡದ ಹಿಂದಕ್ಕೆ ಹೋದ. “ನೌ?” ಎಂದಳು ಲಾಸ್ಯಾ. ಎದುರಿನ ಗುಡ್ಡದ ತಲೆಯ ಮೇಲೆ ಇನ್ನೂ ಬಿಸಿಲಿತ್ತು. “ಇನ್ನೂ ಇಲ್ಲ.” ನೆರಳು ಬಯಲನ್ನು ದಾಟಿ ಆ ಗುಡ್ಡ ಹತ್ತಿತು. “ನೌ, ಅಜ್ಜಿ?” “ತಡಿ.” ಕೊನೆಗೆ ಒಂದು ಚುಕ್ಕಿ ಕಂಡಿತು. ನೆಲದ ಮೇಲೆ ಕೂತಿದ್ದ ಅಕ್ಷಯಾ ತಲೆ ಎತ್ತಿ, “ಹೇಳಿ ಅತ್ತೆ” ಎಂದಳು.

“ಮೈಯೆಲ್ಲ ಧೂಳಾದ ಒಬ್ಬ ದಾರಿಹೋಕ ಬಂದ.”

“ಹೂಂ” ಎಂದಳು ಲಾಸ್ಯಾ. ಜೀವಮಾನದಲ್ಲಿ ಮೊದಲ ಸಲ.

“ಅವ್ವ, ನೀರು ಎಂದ. ಇದು ನನ್ನ ಮಗನದು, ಮುಂದಕ್ಕೆ ಹೋಗು ಎಂದಳು. ಎಷ್ಟಿದೆ ತೋರಿಸವ್ವ, ನೋಡಿಯಾದರೂ ಹೋಗ್ತೀನಿ ಎಂದ. ಮುದುಕಿ ಕೊಡದ ಮೇಲಿನ ತಟ್ಟೆ ತೆಗೆದಳು. ತಳದಲ್ಲಿ ಒಂದು ಬೊಗಸೆ ಉಳಿದಿತ್ತು.”

“ಹೂಂ” ಎಂದಳು ಅಕ್ಷಯಾ.

“ಮುದುಕಿ ಮೇಲೆ ನೋಡಿ, ಎಲಾ ಸೂರ್ಯ, ಕೇಳದೆ ಕುಡಿದುಬಿಟ್ಟೆಯಲ್ಲ ಎಂದು ಬೈದಳು. ಕೇಳಿದವರಿಗೆಲ್ಲ ನೀನು ಇಲ್ಲ ಅಂದದ್ದನ್ನು ನೋಡಿದ್ದೆ, ಅದಕ್ಕೇ ಕೇಳಲಿಲ್ಲ ಎಂದ ಸೂರ್ಯ.”

ಆಗ ದೂರದಲ್ಲಿ ಎರಡು ದೀಪ ಕಂಡವು. ನಮ್ಮ ಮೂವರಲ್ಲಿ ಯಾರೂ ಏಳಲಿಲ್ಲ, ಎದ್ದರೆ ದೀಪ ಆರಿಹೋಗುತ್ತದೆ ಎಂಬಂತೆ. ಗಾಡಿ ಎದ್ದುಬಿದ್ದು ಬಂದು ನಿಂತಿತು. ಇಳಿದವನ ತಲೆ, ಹುಬ್ಬು, ಅಂಗಿ ಎಲ್ಲ ಬೆಳ್ಳಗೆ. ಉಪ್ಪಿನ ಧೂಳು. ಕಥೆಯೊಳಗಿಂದ ಎದ್ದು ಬಂದವನ ಹಾಗಿದ್ದ.

“ಜಯ್!” ಎಂದು ಅಕ್ಷಯಾ ಓಡಿದಳು. ಅರ್ಧಕ್ಕೇ ನಿಂತು ನನ್ನ ಕಡೆ ನೋಡಿದಳು. ನಾನು ಚೀಲದಲ್ಲಿ ಏನೋ ಹುಡುಕುವವಳಂತೆ ತಲೆ ತಗ್ಗಿಸಿದೆ.

ಬಟ್ಟೆಯನ್ನು ವಾಪಸು ಬರುವಾಗ ಕಟ್ಟೋಣವೆಂದು ಹಾಗೆಯೇ ಒಳಗೆ ಹೋಗಿ, ಮಣ್ಣಿನ ರಸ್ತೆ ಕವಲೊಡೆದ ಕಡೆ ತಪ್ಪು ಕವಲು ಹಿಡಿದನಂತೆ. ಹೋಗುತ್ತ ಹೋಗುತ್ತ ಒಣಗಿದ ಉಪ್ಪಿನ ಕೆರೆ, ಅದರ ಅಂಚಿನಲ್ಲಿ ಚಕ್ರ ಹೂತುಕೊಂಡಿತಂತೆ. ಫೋನಿಲ್ಲ. ಗಾಡಿ ಬಿಟ್ಟು ನಡೆಯಬಾರದೆಂದು ಅಲ್ಲೇ ಕಾದನಂತೆ. ಆ ಸಂಜೆ ಯಾರೋ ದಂಪತಿ ಕಂಡು ಹಗ್ಗ ಕಟ್ಟಿ ಎಳೆದರಂತೆ. ಇವನ ವಿಷಯದಲ್ಲಿ ಮತ್ತೆ ಎಲ್ಲವೂ ಅಂತೆ, ಆದರೆ ಮೈಮೇಲಿನ ಉಪ್ಪು ಕಣ್ಣಾರೆ ಕಂಡೆ.

“ದಾರಿ ತಪ್ಪಿದ್ದು ಯಾವ ಹೊತ್ತಲ್ಲಿ?” ಎಂದು ಕೇಳಿದೆ.

“ನಿನ್ನೆ ಮಧ್ಯಾಹ್ನ, ಊಟದ ಹೊತ್ತು ಕಳೆದ ಮೇಲೆ. ಯಾಕೆ ಅಮ್ಮ?”

ಲಾಸ್ಯಾ ಸೊಂಟದ ಮೇಲೆ ಕೈಯಿಟ್ಟುಕೊಂಡು ನನ್ನನ್ನೇ ನೋಡಿದಳು.

ಚೀಲದಿಂದ ಚೊಂಬು ತೆಗೆದೆ. ಬಟ್ಟೆ ಬಿಚ್ಚಿದರೆ ಅರ್ಧವೂ ಇರಲಿಲ್ಲ. ದಾರಿಯ ಕುಲುಕಾಟಕ್ಕೆ ಚೆಲ್ಲಿತೋ, ಬಿಸಿಲು ಕುಡಿಯಿತೋ. “ತಗೊಳಪ್ಪ, ಕುಡಿ” ಎಂದೆ. ಅವನು ಚೊಂಬನ್ನು ಗುರುತಿಸಿದ. ಅಕ್ಷಯಾಳ ಕಡೆ ನೋಡಿದ, ನನ್ನ ಕಡೆ ನೋಡಿದ. ಆಮೇಲೆ ಎರಡೂ ಕೈಯಲ್ಲಿ ತೆಗೆದುಕೊಂಡು, ತುಟಿಗೆ ತಾಗಿಸದೆ ಎತ್ತಿ ಕುಡಿದ. ನಾಗಾರ್ಜುನನೂ ಹಾಗೆಯೇ.

“ಕಥೆ ನಡೀತಾ ಇತ್ತಾ?” ಎಂದ, ಬಾಯಿ ಒರೆಸಿಕೊಂಡು. “ಎಲ್ಲಿಗೆ ಬಂತು?”

“ಒಂದು ಬೊಗಸೆ ಉಳಿದಿದೆ” ಎಂದಳು ಲಾಸ್ಯಾ, ಅಚ್ಚ ಕನ್ನಡದಲ್ಲಿ.

ಮುಗಿಸಿದೆ. ಮುದುಕಿ ಆ ಒಂದು ಬೊಗಸೆಯನ್ನು ದಾರಿಹೋಕನ ಕೈಗೆ ಹೊಯ್ದಳು. ಅವನು ಕುಡಿದು, “ನಿನ್ನ ಋಣ ಹೇಗೆ ತೀರಿಸಲವ್ವ?” ಎಂದ. ಮುದುಕಿ ಹೇಳಿದಳು, “ಮುಂದೆ ಉಪ್ಪಿನ ಗಾಡಿಯಲ್ಲಿ ನನ್ನ ಮಗ ಸಿಕ್ಕರೆ ಒಂದು ಮಾತು ಹೇಳಪ್ಪ. ಅವ್ವನ ಕೊಡ ಖಾಲಿಯಾಯಿತು, ನೀರು ಸಿಕ್ಕ ಕಡೆ ಕುಡಿದುಕೊಂಡು ಹೋಗಲಿ ಅಂತ. ನನಗಾಗಿ ಬಾಯಾರಿಕೊಂಡು ಬರುವುದು ಬೇಡ ಅಂತ.”

ಕೊನೆಗೆ ಹೂಂ ಎಂದವನು ಜಯರಾಜ ಒಬ್ಬನೇ. ಅಕ್ಷಯಾ ಮಗುವಿನ ಕೂದಲಲ್ಲಿ ಮುಖ ಇಟ್ಟುಕೊಂಡಿದ್ದಳು.

ಆಮೇಲೆ ಅವಳೇ ಮಾತು ತೆಗೆದಳು. ಈ ಬಯಲಿಗೆ ಬರಬೇಕೆಂದದ್ದು ಜಯರಾಜನಲ್ಲವಂತೆ, ಅವಳೇ ಅಂತೆ. “ಅವ್ವನ ಕಥೆಯ ಉಪ್ಪಿನ ಬಯಲು ಇಲ್ಲೇ ಇದೆ, ಒಂದು ಸಲ ತೋರಿಸ್ಬೇಕು” ಎಂದು ನಾಗಾರ್ಜುನ ಹೇಳುತ್ತಿದ್ದನಂತೆ. ಅವನು ತೋರಿಸಬೇಕೆಂದಿದ್ದ ಜಾಗದಲ್ಲೇ ನಿಂತು ನನ್ನನ್ನು ಕೇಳಬೇಕೆಂದು ಅವಳಿಗಿತ್ತು. “ನಾವಿಬ್ರೂ ಮದುವೆ ಆಗೋಣ ಅಂತ ಇದ್ದೀವಿ ಅತ್ತೆ. ನೀವು ಬೇಡ ಅಂದ್ರೆ ಬೇಡ. ಮನೆ ನೋಡ್ತಿರೋದು ನಾಲ್ಕು ಜನಕ್ಕೆ. ನಿಮ್ಮ ರೂಮು ಕೆಳಗಡೆ ಇರ್ಬೇಕು ಅಂತ ಹಟ ಹಿಡಿದಿರೋದು ಇವನು.”

“ಬೆಳಿಗ್ಗೆ ಹೇಳ್ತೀನಿ” ಎಂದೆ. ಬೇಗ ಒಪ್ಪಿಕೊಂಡರೆ ಇವರು ನನ್ನನ್ನು ಏನೆಂದುಕೊಂಡಾರು?

ಜಯರಾಜ ಕಾರಿನ ದೀಪದ ಬೆಳಕಿನಲ್ಲಿ ಟೆಂಟು ನಿಲ್ಲಿಸಿದ. ತನ್ನ ಹಾಸಿಗೆಯನ್ನು ಕಾರಿನ ಹಿಂದಿನ ಸೀಟಿಗೆ ಹಾಕಿಕೊಂಡ. “ಟೆಂಟಿನಲ್ಲಿ ಮಲಗಲ್ವಾ?” ಎಂದೆ. “ಮೂವರದ್ದಲ್ವಾ ಅಮ್ಮ ಟೆಂಟು. ನೀವು ಮೂವರು” ಎಂದ. ಕಪ್ಪೂ ತಟ್ಟೆಯೂ ಹಾಗೆಯೇ ತಂದಿದ್ದಾನೆ, ತನ್ನದನ್ನು ಮರೆತು. ಲೆಕ್ಕ ಬಾರದವನು.

ಆದರೂ ಒಂದು ಸಂಶಯ ನನಗೆ ಉಳಿದಿದೆ. ಅವನ ಗಾಡಿಯ ತುಂಬ ನೀರಿನ ಡ್ರಮ್ಮುಗಳಿದ್ದವು. ಬಾಯಾರಿಕೆಯೇ ಇಲ್ಲದವನು ನನ್ನ ಚೊಂಬಿನ ನೀರನ್ನು ಕೊನೆಯ ಹನಿಯವರೆಗೆ ಯಾಕೆ ಕುಡಿದ? ಕೇಳಿಯೇ ಕೇಳುತ್ತೇನೆ.

ಇವತ್ತು ಬೆಳಿಗ್ಗೆ ಕಥೆ ಕೇಳಿದವರು ಮಾಡಿದ್ದು ಇಷ್ಟು. ಲಾಸ್ಯಾ ಎದ್ದವಳೇ ಹೋಗಿ ಮಣ್ಣಿನ ರಸ್ತೆಯ ಬಾಯಲ್ಲಿ ಕೆಂಪು ಬಟ್ಟೆ ಕಟ್ಟಿ ಬಂದಳು, ಇನ್ನು ಯಾರೂ ದಾರಿ ತಪ್ಪಬಾರದೆಂದು. ನಮ್ಮ ಜಯರಾಜ ಸ್ಟೋವು ಹಚ್ಚಿ, ಗಾಳಿಗೆ ಬೆನ್ನು ಅಡ್ಡ ಕೊಟ್ಟು ಕಾಫಿ ಕಾಯಿಸಿದ. ಅಕ್ಷಯಾ ನನಗೊಂದು ಕಪ್ಪು, ತನಗೊಂದು ಕಪ್ಪು ಸುರಿದಳು, ಮಗುವಿನ ಕಪ್ಪಿಗೆ ಹಾಲು. ಕಪ್ಪು ಮುಗಿದವು. ಪಾತ್ರೆ ಹಿಡಿದುಕೊಂಡು ಸುತ್ತ ನೋಡಿದಳು. ನನ್ನ ಚೀಲದ ಪಕ್ಕ ಚೊಂಬು ಖಾಲಿ ಇತ್ತು. ನಾನು ಇವತ್ತು ನೀರು ತುಂಬಿಸಿರಲಿಲ್ಲ. ಅಕ್ಷಯಾ ಅದನ್ನು ಎತ್ತಿಕೊಂಡು, ಜಯರಾಜನ ಪಾಲಿನ ಕಾಫಿ ಅದಕ್ಕೆ ಹೊಯ್ದು, ಕೊಡದೆ ಹಾಗೆಯೇ ಹಿಡಿದು ನಿಂತಳು.

ಮೂವರೂ ನನ್ನ ಮುಖ ನೋಡಿದರು.

“ಹೂಂ” ಎಂದೆ.